ಮಳೆ ಬಿದ್ದ ಮೇಲೆ ಬೆಟ್ಟವಾದದ್ದು

1980ರಲ್ಲಿ ನಡೆದ ಕಂಪ್ಯೂಟರ್ ಗ್ರಾಫಿಕ್ಸ್‌ನ ಸಿಗ್‌ಗ್ರಾಫ್ ಸಮ್ಮೇಳನದಲ್ಲಿ ಬೋಯಿಂಗ್ ಕಂಪನಿಯ ಲೋರೆನ್ ಕಾರ್ಪೆಂಟರ್ ಎರಡು ನಿಮಿಷದ ಒಂದು ಚಿತ್ರ ತೋರಿಸಿದರು. ‘ವೋಲ್ ಲಿಬ್ರ್’ ಎಂಬ ಆ ಚಿತ್ರದಲ್ಲಿ ಕಥೆಯೂ ಇಲ್ಲ, ಪಾತ್ರಗಳೂ ಇಲ್ಲ. ಹಿಮ ಹೊದ್ದ ಬೆಟ್ಟಗಳ ನಡುವೆ ನೋಡುಗರ ಕಣ್ಣು ಹಕ್ಕಿಯಂತೆ ತೇಲುತ್ತ ಹೋಗುತ್ತದೆ, ಅಷ್ಟೇ. ಆ ಬೆಟ್ಟಗಳನ್ನು ಯಾರೂ ಕೈಯಲ್ಲಿ ಬರೆದಿರಲಿಲ್ಲ, ಅವು ಯಾವ ದೇಶದಲ್ಲಿಯೂ ಇರಲಿಲ್ಲ. ಚಿತ್ರ ಮುಗಿಯುವಷ್ಟರಲ್ಲಿ ಕಾರ್ಪೆಂಟರ್ ಅವರ ಮುಂದಿನ ನೌಕರಿ ಲೂಕಾಸ್‌ಫಿಲ್ಮ್‌ನಲ್ಲಿ ಬಹುತೇಕ ಗಟ್ಟಿಯಾಗಿತ್ತು.

ವಿಮಾನದ ಚಿತ್ರಗಳ ಹಿಂದೆ ನಿಲ್ಲಿಸಲು ಅವರಿಗೆ ಬೆಟ್ಟ ಬೇಕಿತ್ತು. ದಾರಿ ಸಿಕ್ಕಿದ್ದು ಐಬಿಎಂನ ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರೋ ಬರೆದ ಫ್ರ್ಯಾಕ್ಟಲ್ ಪುಸ್ತಕದಲ್ಲಿ. ಬ್ರಿಟನ್ನಿನ ಕರಾವಳಿಯ ಉದ್ದ ಎಷ್ಟು ಎಂದು 1967ರಲ್ಲಿಯೇ ಕೇಳಿದ್ದ ಮ್ಯಾಂಡೆಲ್‌ಬ್ರೋ, ಅಳತೆಗೋಲು ಚಿಕ್ಕದಾದಷ್ಟೂ ಉದ್ದ ಬೆಳೆಯುತ್ತಲೇ ಹೋಗುತ್ತದೆ ಎಂದು ತೋರಿಸಿದ್ದರು. ದೊಡ್ಡ ಅಂಕುಡೊಂಕಿನೊಳಗೆ ಅದೇ ಬಗೆಯ ಸಣ್ಣ ಅಂಕುಡೊಂಕು, ಅದರೊಳಗೆ ಇನ್ನೂ ಸಣ್ಣದು: ಇಂಥ ಆಕಾರವೇ ಫ್ರ್ಯಾಕ್ಟಲ್. ಕಾರ್ಪೆಂಟರ್ ಇದನ್ನು ಕಂಪ್ಯೂಟರಿಗೆ ಸರಳವಾಗಿ ಹೇಳಿಕೊಟ್ಟರು: ಒಂದು ತ್ರಿಕೋನವನ್ನು ನಾಲ್ಕಾಗಿ ಒಡೆ, ಹೊಸ ಬಿಂದುಗಳನ್ನು ಮನಬಂದಂತೆ ಕೊಂಚ ಏರಿಸು ಇಲ್ಲವೇ ಇಳಿಸು, ಮತ್ತೆ ಒಡೆ. ಎರಡೇ ವರ್ಷದಲ್ಲಿ ಇದೇ ತಂತ್ರ ‘ಸ್ಟಾರ್ ಟ್ರೆಕ್ 2’ ಸಿನಿಮಾದೊಳಗೆ ಬಂತು. ಸತ್ತ ಗ್ರಹವೊಂದು ಹಸಿರಾಗುವ ಆ ದೃಶ್ಯದಲ್ಲಿ ಕ್ಯಾಮೆರಾದ ಹಾದಿ ಒಂದು ಬೆಟ್ಟವನ್ನು ನೇರವಾಗಿ ಹೊಕ್ಕು ಹೊರಬರುವುದು ಗೊತ್ತಾದಾಗ, ತಂಡದವರು ಹಾದಿಯನ್ನು ಬದಲಿಸದೆ ಬೆಟ್ಟವನ್ನೇ ಕಡಿದು ಸಂದು ಮಾಡಿದರಂತೆ!

1985ರಲ್ಲಿ ಕೆನ್ ಪರ್ಲಿನ್ ಇನ್ನೊಂದು ಸಾಧನ ಕೊಟ್ಟರು. ‘ಟ್ರಾನ್’ ಸಿನಿಮಾದ ಕೆಲಸದಲ್ಲಿದ್ದಾಗ ಕಂಪ್ಯೂಟರ್ ಚಿತ್ರಗಳ ನುಣುಪು ಕಂಡು ಬೇಸತ್ತಿದ್ದವರು ಅವರು. ಅವರ ‘ಪರ್ಲಿನ್ ನಾಯ್ಸ್’ ಹದವಾದ ಏರಿಳಿತಗಳನ್ನು ಹುಟ್ಟಿಸುವ ಒಂದು ಸೂತ್ರ. ಅದರ ದೊಡ್ಡ ಅಲೆಯ ಮೇಲೆ ಸಣ್ಣ ಅಲೆಗಳನ್ನು ಪದರ ಪದರವಾಗಿ ಕೂಡಿಸಿದರೆ ಮೋಡ, ಅಮೃತಶಿಲೆ, ಗುಡ್ಡ ಎಲ್ಲವೂ ಸಿದ್ಧ. ಪರ್ಲಿನ್‌ಗೆ 1997ರಲ್ಲಿ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಮುಂದೆ ‘ಮೈನ್‌ಕ್ರಾಫ್ಟ್’ ಆಟದ ನೆಲವೂ ಇದೇ ಬಗೆಯ ಸೂತ್ರದಿಂದ ಎದ್ದಿತು.

ಆದರೂ ಈ ಬೆಟ್ಟಗಳಲ್ಲಿ ಏನೋ ಕೊರತೆಯಿತ್ತು. ಅವನ್ನು ತಲೆಕೆಳಗು ಮಾಡಿ ನೋಡಿದರೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ, ಶಿಖರ ಎಷ್ಟು ಒರಟೋ ಕಣಿವೆಯೂ ಅಷ್ಟೇ ಒರಟು. ನಿಜವಾದ ನೆಲದಲ್ಲಿ ಹಾಗಿರುವುದಿಲ್ಲ. ನೀರು ಮೇಲಿನದನ್ನು ಕೊರೆದು ತಂದು ಕೆಳಗೆ ಹರವುತ್ತದೆ. ಶಿಖರ ಚೂಪಾಗುತ್ತದೆ, ಕಣಿವೆ ಮಟ್ಟಸವಾಗುತ್ತದೆ, ತೊರೆಗಳು ಕೂಡಿ ಹೊಳೆಯಾಗುತ್ತವೆ. ಸೂತ್ರದಿಂದ ಹುಟ್ಟಿದ ಬೆಟ್ಟಕ್ಕೆ ಆಕಾರವಿತ್ತು, ವಯಸ್ಸಿರಲಿಲ್ಲ.

ಆ ವಯಸ್ಸನ್ನು ಕೊಡಲು ಹೊರಟವರು ಯೇಲ್ ವಿಶ್ವವಿದ್ಯಾಲಯದಲ್ಲಿ ಮ್ಯಾಂಡೆಲ್‌ಬ್ರೋ ಅವರ ಶಿಷ್ಯರಾಗಿದ್ದ ಕೆನ್ ಮಸ್‌ಗ್ರೇವ್. 1989ರಲ್ಲಿ ಕ್ರೇಗ್ ಕೋಲ್ಬ್ ಮತ್ತು ರಾಬರ್ಟ್ ಮೇಸ್ ಜೊತೆ ಅವರು ಬರೆದ ಪ್ರಬಂಧದಲ್ಲಿ ಕಂಪ್ಯೂಟರಿನ ಬೆಟ್ಟದ ಮೇಲೆ ಮಳೆ ಸುರಿಯಿತು. ಪ್ರತಿ ಚೌಕದಲ್ಲಿಯೂ ಬಿದ್ದ ನೀರು ಪಕ್ಕದ ತಗ್ಗಿಗೆ ಹರಿಯುತ್ತದೆ, ಮಣ್ಣನ್ನು ಎತ್ತಿಕೊಳ್ಳುತ್ತದೆ, ಓಟ ನಿಧಾನವಾದಲ್ಲಿ ಇಳಿಸುತ್ತದೆ. ತೀರಾ ಕಡಿದಾದ ಇಳಿಜಾರಿನಿಂದ ಕಲ್ಲುಪುಡಿ ಜಾರಿ ಬುಡದಲ್ಲಿ ರಾಶಿಯಾಗುತ್ತದೆ. ಈ ಕ್ಷೇತ್ರದ ನಿಜವಾದ ತಿರುವು ಇದೇ. ಸಿನಿಮಾದಿಂದಾಗಿ ಕಾರ್ಪೆಂಟರ್ ಹೆಸರು ಹೆಚ್ಚು ಕೇಳಿಬರುತ್ತದೆ. ಆದರೆ ಇಂದಿನ ತಂತ್ರಾಂಶಗಳು ಹೆಚ್ಚು ಋಣಿಯಾಗಿರುವುದು ಆ ಸವಕಳಿಯ ಲೆಕ್ಕಕ್ಕೆ.

ಆದರೆ ಆ ಲೆಕ್ಕ ಮನೆಯ ಕಂಪ್ಯೂಟರಿಗೆ ಭಾರವಾಗಿತ್ತು. 90ರ ದಶಕದ ಹವ್ಯಾಸಿಗಳಿಗೆ ಮೊದಲು ಸಿಕ್ಕಿದ್ದು ಅಮಿಗಾ ಯಂತ್ರದ ‘ವಿಸ್ಟಾಪ್ರೋ’. ಅಮೆರಿಕದ ಭೂವಿಜ್ಞಾನ ಇಲಾಖೆಯ ಎತ್ತರದ ಅಂಕಿಗಳನ್ನು ಅದಕ್ಕೆ ಉಣಿಸಿದರೆ ನಿಜವಾದ ಕಣಿವೆಯೇ ಪರದೆಯ ಮೇಲೆ ಏಳುತ್ತಿತ್ತು. 1994ರಲ್ಲಿ ಮ್ಯಾಕಿಂಟಾಷ್‌ಗೆ ‘ಬ್ರೈಸ್’ ಬಂತು. ಯೂಟಾ ರಾಜ್ಯದ ಬ್ರೈಸ್ ಕಣಿವೆಯ ಹೆಸರು ಹೊತ್ತ ಈ ತಂತ್ರಾಂಶದ ಲೆಕ್ಕಾಚಾರ ಎರಿಕ್ ವೆಂಗರ್ ಅವರದು, ಮುಖಚಹರೆ ಕೈ ಕ್ರೌಸ್ ಅವರದು. ನಾಲ್ಕು ಗುಂಡಿ ಒತ್ತಿ ರಾತ್ರಿ ಬಿಟ್ಟು ಮಲಗಿದರೆ ಬೆಳಗ್ಗೆ ಕೆನ್ನೇರಳೆ ಆಕಾಶ, ಕನ್ನಡಿಯಂಥ ಕೊಳ ತಯಾರಾಗಿರುತ್ತಿತ್ತು. ಆ ಕಾಲದ ಪುಸ್ತಕದ ಮುಖಪುಟಗಳಲ್ಲಿ ಈ ಕೊಳ ಎಷ್ಟು ಸಲ ಕಂಡಿತೆಂದರೆ, ಸುಲಭವಾಗಿ ಸಿಗುವ ಸೌಂದರ್ಯ ಬೇಗ ಹಳಸುತ್ತದೆಂದು ‘ಬ್ರೈಸ್’ ತೋರಿಸಿಕೊಟ್ಟಿತು.

ನಂತರ ಇಂಗ್ಲೆಂಡಿನ ಮ್ಯಾಟ್ ಫೇರ್‌ಕ್ಲಫ್ ಅವರ ‘ಟೆರಾಜೆನ್’ ಗಾಳಿಯ ಮಬ್ಬು, ಮೋಡ, ಸಂಜೆಬೆಳಕನ್ನು ಗಂಭೀರವಾಗಿ ತೆಗೆದುಕೊಂಡಿತು. ಫ್ರಾನ್ಸಿನ ‘ವ್ಯೂ’ ಲೆಕ್ಕವಿಲ್ಲದಷ್ಟು ಗಿಡಮರಗಳನ್ನು ಒಂದೇ ಏಟಿಗೆ ಹರಡಬಲ್ಲದಾಗಿತ್ತು. 2006ರ ‘ಪೈರೇಟ್ಸ್ ಆಫ್ ದ ಕೆರಿಬಿಯನ್’ ಸಿನಿಮಾದ ದ್ವೀಪದ ಕಾಡಿಗೆ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸ್ಟುಡಿಯೊ ಇದನ್ನೇ ಬಳಸಿತು. ಮರಗಳ ಗಣಿತ ಹಳೆಯದು: ಹಂಗೇರಿಯ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡನ್‌ಮೇಯರ್ 1968ರಲ್ಲಿಯೇ ಗಿಡದ ಕವಲೊಡೆಯುವಿಕೆಗೆ ವ್ಯಾಕರಣದಂಥ ನಿಯಮ ಬರೆದಿದ್ದರು. ‘ಸ್ಪೀಡ್‌ಟ್ರೀ’ ಎಂಬ ತಂತ್ರಾಂಶ ಮರಗಳನ್ನು ಆಟಗಳಿಗೂ ‘ಅವತಾರ್’ನಂಥ ಸಿನಿಮಾಗಳಿಗೂ ಒದಗಿಸಿತು.

ಮಸ್‌ಗ್ರೇವ್ ಅವರ ಮಳೆ ಎಲ್ಲರಿಗೂ ಎಟುಕಿದ್ದು ‘ವರ್ಲ್ಡ್ ಮಷೀನ್’, ‘ಗಾಯಾ’, ‘ಹೂಡಿನಿ’ ತಂತ್ರಾಂಶಗಳ ಮೂಲಕ. ಕಲಾವಿದ ಒರಟಾಗಿ ಗುಡ್ಡವನ್ನು ಸೂಚಿಸಿದರೆ ಸಾಕು, ಸಾವಿರಾರು ವರ್ಷಗಳ ಸವಕಳಿಯ ನೋಟವನ್ನು ಅವು ನಿಮಿಷಗಳಲ್ಲಿ ಮೂಡಿಸುತ್ತವೆ.

ಇನ್ನೊಂದು ಹಾದಿಯಲ್ಲಿ ಬೆಟ್ಟ ಹುಟ್ಟಿಸುವ ಗೋಜೇ ಇಲ್ಲ, ಇರುವ ಭೂಮಿಯನ್ನೇ ಅಳೆಯುವುದು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ಭೂಭಾಗದ ಸುಮಾರು ಶೇ 80ರ ಎತ್ತರವನ್ನು ರೇಡಾರ್‌ನಿಂದ ಅಳೆಯಿತು. ನಮ್ಮ ಇಸ್ರೊ 2005ರಲ್ಲಿ ಹಾರಿಸಿದ ಕಾರ್ಟೊಸ್ಯಾಟ್-1 ಜೋಡಿ ಕ್ಯಾಮೆರಾಗಳಿಂದ ಭಾರತದ ಏರುತಗ್ಗುಗಳನ್ನು ದಾಖಲಿಸಿತು. ಇಂಥ ಅಂಕಿಅಂಶಗಳಿಂದ ಸಹ್ಯಾದ್ರಿಯ ಕಣಿವೆಯನ್ನೂ ಪರದೆಗೆ ತರಬಹುದು. 2020ರ ‘ಮೈಕ್ರೊಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಇಡೀ ಭೂಗೋಳವನ್ನೇ ಹೀಗೆ ಕಟ್ಟಿತು. ಆಗ ಮೆಲ್ಬರ್ನ್‌ನ ಒಂದು ಬಡಾವಣೆಯಲ್ಲಿ 212 ಅಂತಸ್ತಿನ ಗೋಪುರವೊಂದು ಏಕಾಂಗಿಯಾಗಿ ಎದ್ದು ನಿಂತು ಎಲ್ಲರನ್ನೂ ನಗಿಸಿತು. ಸಾರ್ವಜನಿಕ ನಕ್ಷೆಯಲ್ಲಿ ಯಾರೋ ಎರಡು ಮಹಡಿ ಎಂದು ಬರೆಯಹೋಗಿ 212 ಎಂದು ಒತ್ತಿದ್ದರು.

ಇಷ್ಟಾದರೂ ಹಂಪಿಯ ಬಂಡೆಗಳು ಈ ಸಾಧನಗಳಿಗೆ ಸುಲಭದ ತುತ್ತಲ್ಲ. ಇವುಗಳಲ್ಲಿ ಹೆಚ್ಚಿನವು ನೆಲದ ಪ್ರತಿ ಬಿಂದುವಿಗೆ ಒಂದೇ ಎತ್ತರ ಎಂಬ ಲೆಕ್ಕದಲ್ಲಿ ನಡೆಯುತ್ತವೆ. ಗುಂಡಿನ ಮೇಲೆ ಗುಂಡು ಕೂತು ಕೆಳಗೆ ಸಂದು ಉಳಿದಾಗ, ಒಂದೇ ಬಿಂದುವಿಗೆ ಹಲವು ಎತ್ತರ ಬರುತ್ತವೆ. ಗವಿಗಳದೂ ಕಮಾನುಬಂಡೆಗಳದೂ ಇದೇ ಪಾಡು. ಘನಚೌಕಗಳಲ್ಲಿ ನೆಲ ಕಟ್ಟುವ ವಿಧಾನ ಇದಕ್ಕೆ ಪರಿಹಾರ, ಆದರೆ ಅದು ಸ್ಮರಣೆಯನ್ನು ಬಕಾಸುರನಂತೆ ನುಂಗುತ್ತದೆ. ಹಾಗಾಗಿ ಹೆಚ್ಚಿನ ಸ್ಟುಡಿಯೊಗಳು ನಿಜವಾದ ಬಂಡೆಗಳನ್ನು ಎಲ್ಲ ಕಡೆಯಿಂದ ಫೋಟೊ ತೆಗೆದು, ಅವುಗಳ ಮೂರು ಆಯಾಮದ ಪ್ರತಿಗಳನ್ನು ಗಣಿತದ ಗುಡ್ಡದ ಮೇಲೆ ಒಂದೊಂದಾಗಿ ಕೂರಿಸುತ್ತವೆ.