ಎಲ್ಲೆಯಲ್ಲಿ ನಿಂತ ಟೀವಿ

ಗದಗ ತಾಲೂಕಿನ ಅಂತೂರ ಬೆಂತೂರಕ್ಕೂ ‘ಅಂತರರಾಷ್ಟ್ರೀಯ ಸಂವಹನ’ ಅನ್ನೋ ಭಾರೀ ಹೆಸರಿನ ವಿಷಯಕ್ಕೂ ಏನು ಸಂಬಂಧ ಅಂತೀರಾ? ಇಂಜಿನಿಯರಿಂಗ್ ಓದಿ ದಿನವಿಡೀ ಕೋಡ್ ಬರೆಯೋ ನನಗೂ ಈ ಸಂಬಂಧ ಹೊಸದೇ. ಆದರೂ ಹೇಳ್ತೀನಿ ಕೇಳಿ.

1975ರ ಆಗಸ್ಟ್ 1. ಇಸ್ರೋ ಒಂದು ವರ್ಷದ ಮಟ್ಟಿಗೆ ನಾಸಾದ ಎಟಿಎಸ್-6 ಉಪಗ್ರಹ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟೀವಿ ತೋರಿಸೋಕೆ ಶುರು ಮಾಡಿತು. ಬೇಸಾಯ, ಆರೋಗ್ಯ, ಮಕ್ಕಳಿಗೆ ಪಾಠ... ಇದೇ ‘ಸೈಟ್’ ಪ್ರಯೋಗ. ಕರ್ನಾಟಕದಲ್ಲಿ ಅದು ನಡೆದದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಲ್ಲಿ. ಆಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು, ಗದಗ ಧಾರವಾಡದಲ್ಲಿ. (1997ರಲ್ಲಿ ಎರಡೂ ಬೇರೆ ಜಿಲ್ಲೆಗಳಾದವು.) ಅಂದರೆ ಪ್ರಯೋಗ ನಮ್ಮ ಪಕ್ಕದ ಜಿಲ್ಲೆಯಲ್ಲೇ ನಿಂತಿತು. ನಮ್ಮವರಿಗೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೇ ಗತಿ!

ಈ ಸೈಟ್ ಬಗ್ಗೆ ಬರೆದವರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಸಂವಹನ ವಿಭಾಗದ ಮುಖ್ಯಸ್ಥರಾಗಿದ್ದ ಪ್ರೊ. ಕೆ. ಇ. ಈಪನ್ ಒಬ್ಬರು. ಮೂಲ ಕೇರಳ. ಹಿಂದೆ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸಿದವರು. 1972ರಲ್ಲಿ ಜಾಂಬಿಯಾದ ಸುದ್ದಿಸಂಸ್ಥೆ ‘ಝಾನಾ’ ಕುರಿತು ಲೇಖನ, 1973ರಲ್ಲಿ ಇಂಡೋನೇಷ್ಯಾ ಮತ್ತು ಜಾಂಬಿಯಾದ ಮಾಧ್ಯಮ-ಅಭಿವೃದ್ಧಿ ಸಮೀಕ್ಷೆ, 1979ರಲ್ಲಿ ಸೈಟ್‌ನ ಸಾಂಸ್ಕೃತಿಕ ಮುಖದ ಬಗ್ಗೆ ಲೇಖನ. ಜಾಂಬಿಯಾ ನೋಡಿದ ಮೇಷ್ಟ್ರು ನಮ್ಮ ಹಳ್ಳಿಗಳ ಟೀವಿಯನ್ನೂ ನೋಡಿದರು.

ನನ್ನಂಥ ಇಂಜಿನಿಯರ್‌ಗೆ ಸಿಗ್ನಲ್ ಮುಟ್ಟಿದರೆ ಕೆಲಸ ಮುಗೀತು. 1964ರಲ್ಲಿ ವಿಲ್ಬರ್ ಶ್ರಾಮ್ ಪುಸ್ತಕ ಬಂದಾಗಿನಿಂದ ಬಹಳ ಜನ ಮಾಧ್ಯಮ ಮುಟ್ಟಿದರೆ ಅಭಿವೃದ್ಧಿ ಹಿಂದೆಯೇ ಬರುತ್ತೆ ಅಂತ ನಂಬಿದ್ದರು. ಆದರೆ ಮಾತಾಡೋರು ಯಾರು, ಕೇಳೋರು ಯಾರು? ಸುದ್ದಿ ಶ್ರೀಮಂತ ದೇಶಗಳಿಂದ ಬಡ ದೇಶಗಳಿಗೆ ಒಂದೇ ದಿಕ್ಕಿನಲ್ಲಿ ಹರಿಯುತ್ತೆ ಅಂತ 1980ರ ಯುನೆಸ್ಕೋ ಮ್ಯಾಕ್‌ಬ್ರೈಡ್ ವರದಿ ಆಕ್ಷೇಪಿಸಿತು. ನಮ್ಮ ದೇಶದೊಳಗೂ ಅದೇ ಕಥೆ ಅಲ್ವಾ? ಹಳ್ಳಿಯ ಆ ಟೀವಿ ಪೆಟ್ಟಿಗೆ ಬಂದದ್ದನ್ನು ತೋರಿಸುತ್ತಿತ್ತು. ಹಳ್ಳಿಯವರ ಮಾತನ್ನು ತಿರುಗಿ ಕಳಿಸುತ್ತಿರಲಿಲ್ಲ.

ಹಳ್ಳಿಯವರೇ ಕಾರ್ಯಕ್ರಮ ಮಾಡಿದ್ದನ್ನು ನೋಡೋಕೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ತನಕ ಕಾಯಬೇಕಾಯ್ತು. 2000ದ ದಶಕದ ಆರಂಭದಲ್ಲಿ ರೇಡಿಯೋ ಲೈಸೆನ್ಸ್ ಸಿಗದೆ ಅವರು ಕೇಬಲ್‌ನಲ್ಲೇ ಧ್ವನಿ ಹರಿಸಿದರು. ಸಂಘಸಂಸ್ಥೆಗಳಿಗೂ ಸಮುದಾಯ ರೇಡಿಯೋ ನಡೆಸೋ ಅವಕಾಶ ಸಿಕ್ಕಿದ್ದು 2006ರಲ್ಲಿ.

ಸೈಟ್ ಮುಗಿದು ಐವತ್ತು ವರ್ಷವಾಗ್ತಾ ಬಂತು. ಹಳ್ಳಿಗರು ಏನು ಕಲಿತರು ಅಂತ ಸಂಶೋಧಕರು ಬರೆದದ್ದು ಇಂಗ್ಲಿಷಿನಲ್ಲಿ. ಆ ಪೆಟ್ಟಿಗೆ ಮುಂದೆ ಕೂತ ಅಜ್ಜ-ಅಜ್ಜಿಯರು ಕೊಪ್ಪಳ, ರಾಯಚೂರು ಕಡೆಯ ನಿಮ್ಮ ಮನೆಗಳಲ್ಲಿದ್ದರೆ ಈಗಲೇ ಕೇಳಿ, ಅವರ ಮಾತಲ್ಲೇ ಬರೀರಿ. ಅವರು ಹೋದ ಮೇಲೆ ಉಳಿಯೋದು ವರದಿ ಮಾತ್ರ.