ಕೊನೆಯ ಕಂತಿನ ತೀರ್ಪು

ಧಾರಾವಾಹಿಯೊಂದರ ಕೊನೆಯ ಕಂತು ಸಪ್ಪೆಯಾದರೆ ಅದರ ಹಿಂದಿನ ನೂರು ಕಂತುಗಳ ರುಚಿಯೂ ಕೆಡುತ್ತದೆ ಎಂಬುದನ್ನು ಇಂದಿನ ವೀಕ್ಷಕರು ಒಂದು ಸಹಜ ನಿಯಮವೆಂಬಂತೆ ಒಪ್ಪಿಕೊಂಡಿದ್ದಾರೆ. ಆದರೆ ಟೆಲಿವಿಷನ್ ಧಾರಾವಾಹಿಯು ಬೃಹತ್ ಉದ್ಯಮವಾಗಿ ಬೆಳೆದ ಅಮೆರಿಕದಲ್ಲಿ ಈ ನಿಯಮದ ವಯಸ್ಸು ಅರವತ್ತರ ಆಸುಪಾಸಿನದು. ಅದಕ್ಕೂ ಮೊದಲು ಅಲ್ಲಿನ ಬಹುಪಾಲು ಧಾರಾವಾಹಿಗಳು ನಿಲ್ಲುತ್ತಿದ್ದವೇ ಹೊರತು ಮುಗಿಯುತ್ತಿರಲಿಲ್ಲ. ಮುಕ್ತಾಯವೇ ಇಲ್ಲದ ಕಡೆ ಮುಕ್ತಾಯ ಕೆಟ್ಟಿತೆಂಬ ಕೊರಗಿಗೂ ಎಡೆಯಿರಲಿಲ್ಲ. ಇಡೀ ಕತೆಯನ್ನು ಅಳೆಯುವ ಅಧಿಕಾರ ಕೊನೆಯ ಒಂದು ಗಂಟೆಯ ಕೈಗೆ ಬಂದದ್ದು ಹೇಗೆ ಎಂಬುದು ಕಲೆಯ ಚರಿತ್ರೆಗಿಂತ ಹೆಚ್ಚಾಗಿ ವ್ಯಾಪಾರದ ಚರಿತ್ರೆಗೆ ಸೇರಿದ ವಿಷಯ.

1950 ಮತ್ತು 60ರ ದಶಕಗಳಲ್ಲಿ ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರು ಪ್ರಸಾರ ಜಾಲಗಳು ಸಂಜೆಯ ಕಾರ್ಯಕ್ರಮಗಳನ್ನು ಅಮೆರಿಕಕ್ಕೆಲ್ಲ ಹಂಚುತ್ತಿದ್ದವು. ಜಾಲ ಕೊಡುತ್ತಿದ್ದ ಹಣ ಅನೇಕ ವೇಳೆ ಚಿತ್ರೀಕರಣದ ಖರ್ಚಿಗೂ ಸಾಲುತ್ತಿರಲಿಲ್ಲವಾದ್ದರಿಂದ, ನಿರ್ಮಾಪಕನು ನಿಜವಾದ ಲಾಭವನ್ನು ಸಿಂಡಿಕೇಶನ್‌ನಲ್ಲಿ, ಎಂದರೆ ಒಮ್ಮೆ ಪ್ರಸಾರವಾದ ಕಂತುಗಳನ್ನು ಊರೂರಿನ ಸ್ಥಳೀಯ ಕೇಂದ್ರಗಳಿಗೆ ಮರುಪ್ರಸಾರಕ್ಕೆಂದು ಮಾರುವ ವಹಿವಾಟಿನಲ್ಲಿ, ಹುಡುಕಬೇಕಾಗಿತ್ತು. ಆ ಕೇಂದ್ರಗಳು ಕೊಂಡ ಕಂತುಗಳನ್ನು ವಾರದ ಐದು ದಿನವೂ, ಹಿಂದುಮುಂದಿನ ಕ್ರಮವನ್ನು ಅಷ್ಟಾಗಿ ಲೆಕ್ಕಿಸದೆ, ತೆರಪಿದ್ದ ಹೊತ್ತಿಗೆ ತುಂಬುತ್ತಿದ್ದವು. ಆದ್ದರಿಂದ ಯಾವ ಕಂತನ್ನು ಯಾವ ದಿನ ನೋಡಿದರೂ ಅರ್ಥವಾಗಬೇಕು, ಕಂತು ಮುಗಿಯುವ ಹೊತ್ತಿಗೆ ಪಾತ್ರಗಳೆಲ್ಲ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲಬೇಕು ಎಂಬುದು ಬರಹಗಾರರಿಗೆ ಯಾರೂ ಹೇಳದೆಯೇ ಗೊತ್ತಿದ್ದ ಕಟ್ಟಳೆಯಾಯಿತು. ಹಗಲು ಹೊತ್ತಿನ ಧಾರಾವಾಹಿಗಳ ರೀತಿ ಬೇರೆಯಾಗಿದ್ದರೂ ಅಲ್ಲಿಯೂ ಅಂತ್ಯಕ್ಕೆ ಜಾಗವಿರಲಿಲ್ಲ. ಸಾಬೂನು ಕಂಪನಿಗಳ ಪ್ರಾಯೋಜನೆಯಿಂದಾಗಿ ಸೋಪ್ ಒಪೇರಾ ಎಂದು ಹೆಸರಾದ ಈ ಬಗೆಯ ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೋದಲ್ಲಿ ಹುಟ್ಟಿ, 1952ರಲ್ಲಿ ಟೆಲಿವಿಷನ್‌ಗೆ ಬಂದು, 2009ರವರೆಗೆ ನಡೆಯಿತು. ಇತ್ತ ಸಂಜೆಯ ಕಾರ್ಯಕ್ರಮಗಳಲ್ಲಿ ‘ಗಿಲ್ಲಿಗನ್ಸ್ ಐಲೆಂಡ್’ ಎಂಬ ಹಾಸ್ಯ ಧಾರಾವಾಹಿಯನ್ನು 1967ರಲ್ಲಿ ನಿಲ್ಲಿಸಿದಾಗ, ದೋಣಿ ಒಡೆದು ನಿರ್ಜನ ದ್ವೀಪ ಸೇರಿದ್ದ ಏಳು ಮಂದಿ ಅಲ್ಲಿಯೇ ಉಳಿದರು. ಅವರನ್ನು ದಡ ಸೇರಿಸುವ ಟೆಲಿಚಿತ್ರವೊಂದು ಬಂದದ್ದು 1978ರಲ್ಲಿ.

ಈ ರೂಢಿ ಮುರಿದದ್ದು ಅದೇ 1967ರ ಆಗಸ್ಟ್‌ನಲ್ಲಿ, ಎಬಿಸಿಯ ‘ದಿ ಫ್ಯುಜಿಟಿವ್’ನಿಂದ. ಹೆಂಡತಿಯನ್ನು ಕೊಂದನೆಂಬ ಸುಳ್ಳು ಆರೋಪದ ಮೇಲೆ ಮರಣದಂಡನೆಗೆ ಗುರಿಯಾದ ವೈದ್ಯ ರಿಚರ್ಡ್ ಕಿಂಬಲ್, ತನ್ನನ್ನು ಒಯ್ಯುತ್ತಿದ್ದ ರೈಲು ಹಳಿ ತಪ್ಪಿದಾಗ ತಪ್ಪಿಸಿಕೊಂಡು, ನಿಜವಾದ ಕೊಲೆಗಾರನಾದ ಒಂಟಿ ಕೈಯವನನ್ನು ಅರಸುತ್ತ, ಬೆನ್ನು ಹತ್ತಿದ ಪೊಲೀಸ್ ಅಧಿಕಾರಿ ಜೆರಾರ್ಡ್‌ನಿಂದ ನುಣುಚಿಕೊಳ್ಳುತ್ತ ನಾಲ್ಕು ವರ್ಷಗಳಲ್ಲಿ 120 ಕಂತು ಅಲೆದಿದ್ದ. ಹಳೆಯ ಪದ್ಧತಿಯಂತೆ ಅವನನ್ನು ದಾರಿಯಲ್ಲೇ ಬಿಟ್ಟು ಕೈತೊಳೆದುಕೊಳ್ಳಬಹುದಿತ್ತು. ಕೊಲೆಗಾರ ಸಿಕ್ಕಿಬಿದ್ದನೆಂದು ದೇಶಕ್ಕೆಲ್ಲ ತಿಳಿದುಹೋದರೆ ಹಳೆಯ ಕಂತುಗಳನ್ನು ಕೊಳ್ಳುವವರು ಯಾರು ಎಂಬ ಅಳುಕು ಉದ್ಯಮದಲ್ಲಿ ಇದ್ದೇ ಇತ್ತು. ಹಾಗಿದ್ದೂ ‘ತೀರ್ಪು’ ಎಂಬ ಅರ್ಥದ ಹೆಸರಿನಲ್ಲಿ ಎರಡು ಭಾಗದ ಮುಕ್ತಾಯ ತಯಾರಾಯಿತು. ಆಗಸ್ಟ್ 29ರ ರಾತ್ರಿ ಅದರ ಎರಡನೆಯ ಭಾಗ ಬಂದಾಗ, ಆ ಹೊತ್ತಿನಲ್ಲಿ ಟಿ.ವಿ. ಹಾಕಿದ್ದ ಅಮೆರಿಕದ ಮನೆಗಳಲ್ಲಿ ನೂರಕ್ಕೆ 72 ಮನೆಗಳು ಇದನ್ನೇ ನೋಡುತ್ತಿದ್ದವು. ಕಿಂಬಲ್ ನಿರ್ದೋಷಿಯಾಗಿ ನ್ಯಾಯಾಲಯದಿಂದ ಹೊರಬಂದು ಜೆರಾರ್ಡ್‌ನ ಕೈ ಕುಲುಕಿದ. ಅಂತ್ಯವೂ ಮಾರಾಟವಾಗುವ ಸರಕು ಎಂಬುದು ಅಂದು ಖಚಿತವಾಯಿತು.

ಸರಕೆಂದು ತಿಳಿದ ಮೇಲೆ ಅದನ್ನು ಹಬ್ಬವಾಗಿ ಮಾಡಲು ತಡವಾಗಲಿಲ್ಲ. ಕೊರಿಯಾ ಯುದ್ಧದ ವೈದ್ಯಕೀಯ ಶಿಬಿರವೊಂದರ ಕತೆಯಾದ ‘ಮ್ಯಾಶ್’ (ಮೂರು ವರ್ಷದ ಯುದ್ಧವನ್ನು ಅದು ಹನ್ನೊಂದು ವರ್ಷ ಎಳೆದಿತ್ತು ಎಂಬುದು ಬೇರೆ ಮಾತು) 1983ರ ಫೆಬ್ರವರಿ 28ರಂದು ಎರಡೂವರೆ ಗಂಟೆಯ ಬೀಳ್ಕೊಡುಗೆಯೊಂದಿಗೆ ಮುಗಿದಾಗ ಹತ್ತು ಕೋಟಿಗೂ ಹೆಚ್ಚು ಜನ ಅದನ್ನು ನೋಡಿದರು. ಅಲ್ಲಿಂದಾಚೆಗೆ ಕೊನೆಯ ಕಂತು ಯಾವುದೇ ಯಶಸ್ವಿ ಧಾರಾವಾಹಿ ಸಲ್ಲಿಸಲೇಬೇಕಾದ ಕಾಣಿಕೆಯಾಯಿತು. ಆದರೂ ಆ ಕಾಲದ ಮುಕ್ತಾಯಗಳಲ್ಲಿ ಹೆಚ್ಚಿನವು ವಿದಾಯ ಸಮಾರಂಭಗಳಾಗಿದ್ದವೇ ಹೊರತು ಒಗಟಿನ ಉತ್ತರಗಳಾಗಿರಲಿಲ್ಲ. ಹಿಂದಿನದನ್ನೆಲ್ಲ ಅಳಿಸಿಹಾಕುವ ಶಕ್ತಿ ಅಂತ್ಯಕ್ಕಿದೆ ಎಂಬುದನ್ನು ಬಹುಶಃ ಮೊದಲಿಗೆ ನಿಚ್ಚಳವಾಗಿ ತೋರಿಸಿದ್ದು ‘ಸೇಂಟ್ ಎಲ್ಸ್‌ವೇರ್’. ಆರು ವರ್ಷ ಆಸ್ಪತ್ರೆಯೊಂದರ ದುಃಖದುಮ್ಮಾನಗಳನ್ನು ತೋರಿಸಿದ ಅದು 1988ರ ಮೇ 25ರ ಕೊನೆಯ ದೃಶ್ಯದಲ್ಲಿ, ಸ್ವಲೀನತೆಯುಳ್ಳ ಹುಡುಗನೊಬ್ಬ ಗಾಜಿನ ಗೋಳವನ್ನು ಅಲುಗಿಸಿ ಒಳಗಿನ ಹುಸಿಹಿಮ ಉದುರುವುದನ್ನು ನೋಡುತ್ತ ಕೂರುವಂತೆ ಮಾಡಿ, ಆ ಗೋಳದೊಳಗೆ ಆಸ್ಪತ್ರೆಯ ಪುಟ್ಟ ಪ್ರತಿಕೃತಿಯನ್ನು ಇರಿಸಿತು. 137 ಕಂತುಗಳ ಸಾವುನೋವುಗಳೆಲ್ಲ ಆ ಹುಡುಗನ ಕಲ್ಪನೆಯೇ ಆಗಿದ್ದರೆ ಅವುಗಳಿಗಾಗಿ ಸುರಿಸಿದ ಕಣ್ಣೀರಿನ ಗತಿಯೇನು ಎಂಬ ಪ್ರಶ್ನೆ ಅಂದು ಹುಟ್ಟಿ ಇಂದಿಗೂ ಉಳಿದಿದೆ.

ಅದೇ ವರ್ಷ ಭಾರತದಲ್ಲಿ ಮುಕ್ತಾಯದ ಜಗಳ ಬೀದಿಗೇ ಬಂದಿತ್ತು. ರಮಾನಂದ ಸಾಗರ್ ಅವರ ‘ರಾಮಾಯಣ’ವು ದೂರದರ್ಶನದಲ್ಲಿ 1987ರ ಜನವರಿ 25ರಿಂದ ಭಾನುವಾರದ ಬೆಳಗುಗಳನ್ನು ಆಳಿ, 78 ಕಂತುಗಳ ಬಳಿಕ 1988ರ ಜುಲೈ 31ರಂದು ಪಟ್ಟಾಭಿಷೇಕದೊಂದಿಗೆ ಮಂಗಳ ಹಾಡಿತು. ಮಂಗಳಕರವಾದಲ್ಲಿ ಕತೆಯನ್ನು ನಿಲ್ಲಿಸುವುದು ಈ ನಾಡಿಗೆ ಹೊಸದೇನಲ್ಲ. ಕುಮಾರವ್ಯಾಸನು ಗದಾಪರ್ವದವರೆಗಿನ ಹತ್ತು ಪರ್ವಗಳಿಗೇ ಭಾರತವನ್ನು ಮುಗಿಸಿದ್ದು, ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಹೇಳಿ ಪೂರೈಸಿದ್ದು ಕನ್ನಡ ಓದುಗರಿಗೆ ತಿಳಿದೇ ಇದೆ. ಆದರೆ ಪಂಜಾಬಿನ ಜಲಂಧರ್‌ನಲ್ಲಿ, ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಆರಾಧಿಸುವ ಪೌರಕಾರ್ಮಿಕರು ಈ ಮಂಗಳವನ್ನು ಒಪ್ಪಲಿಲ್ಲ. ಲವಕುಶರ ಕತೆಯೂ ಬರಬೇಕೆಂದು ಅವರು ಹೂಡಿದ ಮುಷ್ಕರ ಉತ್ತರದ ಬೇರೆ ಊರುಗಳಿಗೂ ಹಬ್ಬಿತು, ಸರ್ಕಾರ ಮಣಿಯಿತು, ಉತ್ತರಕಾಂಡ ತೆರೆಗೆ ಬಂತು. ಇದನ್ನು ಕೇವಲ ಭಕ್ತಿಯ ಹಟವೆಂದು ಬಗೆಯುವುದು ತಪ್ಪಾದೀತು. ಪಟ್ಟಾಭಿಷೇಕಕ್ಕೆ ಕತೆ ನಿಂತರೆ ಸೀತೆಗೆ ಆಶ್ರಯ ಕೊಟ್ಟ, ಆ ಮಕ್ಕಳನ್ನು ಬೆಳೆಸಿ ಅವರ ಬಾಯಿಂದಲೇ ಕಾವ್ಯವನ್ನು ಹಾಡಿಸಿದ ವಾಲ್ಮೀಕಿಯ ಆಶ್ರಮವೇ ಕತೆಯಿಂದ ಹೊರಗುಳಿಯುತ್ತದೆ. ಯಾರ ಪಾಲಿಗೆ ಕತೆ ಎಲ್ಲಿ ಮುಗಿಯುತ್ತದೆ ಎಂಬುದು ಯಾರು ನೋಡುತ್ತಿದ್ದಾರೆ ಎಂಬುದನ್ನೂ ಅವಲಂಬಿಸಿದೆ.

ಅಂತ್ಯಕ್ಕೆ ಇಷ್ಟು ತೂಕವೇಕೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞರು ಕೊಡುವ ಉತ್ತರ ಪ್ರಸಿದ್ಧವಾದುದು. ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರು ಒಮ್ಮೆ 60 ಸೆಕೆಂಡು 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ ಕೈ ಇಟ್ಟರು. ಇನ್ನೊಮ್ಮೆ ಅಷ್ಟೇ ಹೊತ್ತು ಇಟ್ಟು, ಮತ್ತೆ 30 ಸೆಕೆಂಡು, ನೀರು ಒಂದು ಡಿಗ್ರಿಯಷ್ಟು ಬೆಚ್ಚಗಾಗುತ್ತಿರುವಾಗಲೂ ಹಾಗೆಯೇ ಇಟ್ಟುಕೊಂಡರು. ಯಾವುದನ್ನು ಮತ್ತೆ ಮಾಡುವಿರಿ ಎಂದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು, ಒಟ್ಟು ನೋವು ಅದರಲ್ಲೇ ಹೆಚ್ಚಾಗಿದ್ದರೂ. ನೆನಪು ಅನುಭವದ ಉದ್ದವನ್ನು ಲೆಕ್ಕವಿಡದೆ ಅದರ ಅತಿ ತೀವ್ರ ಕ್ಷಣವನ್ನೂ ಕೊನೆಯ ಕ್ಷಣವನ್ನೂ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಈ ತತ್ತ್ವ ಒಂದೇ ಸಲಕ್ಕೆ ಮುಗಿಯುವ ಅನುಭವಕ್ಕೆ ಒಪ್ಪುತ್ತದೆ. ಆದರೆ ವರ್ಷಗಟ್ಟಲೆ, ವಾರಕ್ಕೊಮ್ಮೆ ಮನೆಗೆ ಬಂದುಹೋಗುವ ಧಾರಾವಾಹಿಗೆ ಇದಿಷ್ಟೇ ಸಾಲದು. ಎನ್‌ಬಿಸಿಯ ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ ಇದಕ್ಕೆ ಎದುರು ನಿದರ್ಶನ. 1998ರ ಮೇ 14ರಂದು 7 ಕೋಟಿ 60 ಲಕ್ಷ ಜನ ನೋಡಿದ ಅದರ ಅಂತ್ಯದಲ್ಲಿ, ದರೋಡೆಗೊಳಗಾಗುತ್ತಿದ್ದವನೊಬ್ಬನಿಗೆ ನೆರವಾಗದೆ ನಗುತ್ತ ನಿಂತ ತಪ್ಪಿಗೆ ನಾಲ್ವರು ಗೆಳೆಯರೂ ಒಂದು ವರ್ಷದ ಸಜೆಗೆ ಗುರಿಯಾಗುತ್ತಾರೆ. ಇದನ್ನು ಮೆಚ್ಚದವರೇ ಬಹಳ; ಹಾಗೆಂದು ಹಳೆಯ ಕಂತುಗಳ ಮರುಪ್ರಸಾರಕ್ಕೆ ಬೇಡಿಕೆ ಬತ್ತಲಿಲ್ಲ, ನಗುವೂ ಕಡಿಮೆಯಾಗಲಿಲ್ಲ. ಆ ಕಂತುಗಳು ಕೊನೆಯ ಕಂತಿನಿಂದ ಏನನ್ನೂ ಕಡ ತಂದಿರಲಿಲ್ಲ.

ಕಡ ತಂದ ಕತೆಗಳ ಪಾಡು ಬೇರೆ. ಭರತನ ನಾಟ್ಯಶಾಸ್ತ್ರವು ನಾಟಕದ ಐದು ಸಂಧಿಗಳಲ್ಲಿ ಕೊನೆಯದನ್ನು ನಿರ್ವಹಣ ಎಂದು ಕರೆದು, ಮೊದಲ ಸಂಧಿಯಿಂದ ಚದುರಿಕೊಂಡು ಬಂದ ಬೀಜಾದಿಗಳೆಲ್ಲ ಅಲ್ಲಿ ಒಂದೇ ಫಲದಲ್ಲಿ ಕೂಡಬೇಕೆಂದು ವಿಧಿಸುತ್ತದೆ. ಎಷ್ಟು ಬೀಜ ಬಿತ್ತಿದೆಯೋ ಅಷ್ಟು ಫಲ ತೋರಿಸಬೇಕಾದ ಈ ಹೊಣೆ ಎಬಿಸಿಯ ‘ಲಾಸ್ಟ್’ನ ಹೆಗಲೇರಿದಷ್ಟು ಭಾರವಾಗಿ ಬೇರೆ ಯಾವುದರ ಮೇಲೂ ಕೂತಿರಲಾರದು. ವಿಮಾನ ಬಿದ್ದು ದ್ವೀಪ ಸೇರಿದವರ ಆ ಕತೆ ವಾರವಾರವೂ ಒಂದು ಒಗಟನ್ನು ಹೂಡಿತು. ಡಿವಿಡಿ ಮತ್ತು ಅಂತರಜಾಲ ಬಂದಿದ್ದ ಕಾಲವಾದ್ದರಿಂದ ನೋಡುಗರು ಪ್ರತಿ ದೃಶ್ಯವನ್ನೂ ನಿಲ್ಲಿಸಿ ನಿಲ್ಲಿಸಿ ಲೆಕ್ಕವಿಟ್ಟರು. 2007ರಲ್ಲಿ ವಾಹಿನಿಯು ಮೂರು ವರ್ಷ ಮುಂಚಿತವಾಗಿಯೇ ಮುಕ್ತಾಯದ ಗಡುವನ್ನು ಸಾರಿತು. 2010ರ ಮೇ 23ರಂದು ಬಂದ ಅಂತ್ಯವು ಒಗಟುಗಳನ್ನು ಬಿಡಿಸುವುದಕ್ಕಿಂತ ಪಾತ್ರಗಳನ್ನು ಸಾವಿನಾಚೆಯ ಲೋಕದಲ್ಲಿ ಒಂದುಗೂಡಿಸುವುದರ ಕಡೆ ವಾಲಿತು. ಕೊನೆಯ ಹೆಸರುಪಟ್ಟಿಯ ಹಿನ್ನೆಲೆಗೆ ವಾಹಿನಿಯು ಬರಿದಾದ ಕಡಲತೀರ ಮತ್ತು ವಿಮಾನದ ಅವಶೇಷಗಳ ಚಿತ್ರವನ್ನು ಸೇರಿಸಿದ್ದರಿಂದ, ಪ್ರಯಾಣಿಕರೆಲ್ಲ ಮೊದಲ ದಿನವೇ ಸತ್ತಿದ್ದರೆಂದು ಅನೇಕರು ತಿಳಿದರು. ಕತೆ ಹೇಳುವುದು ಹಾಗಲ್ಲ. ಆದರೂ ಆ ತಪ್ಪು ತಿಳಿವಳಿಕೆ ಕತೆಗಿಂತ ಗಟ್ಟಿಯಾಗಿ ಉಳಿಯಿತು.

ಇದಕ್ಕೆ ತದ್ವಿರುದ್ಧವಾದ ಬಗೆಯಲ್ಲಿ ಕೆಟ್ಟದ್ದು ಸಿಬಿಎಸ್‌ನ ‘ಹೌ ಐ ಮೆಟ್ ಯುವರ್ ಮದರ್’. ತಂದೆಯೊಬ್ಬ ಸೋಫಾದ ಮೇಲೆ ಕೂತ ಮಗಳು ಮತ್ತು ಮಗನಿಗೆ ಅವರ ತಾಯಿಯನ್ನು ತಾನು ಕಂಡ ಬಗೆಯನ್ನು ಹೇಳುವುದು ಅದರ ಚೌಕಟ್ಟು. ಆ ಮಕ್ಕಳಾಗಿ ನಟಿಸಿದವರು ಬೆಳೆದುಬಿಡುವರೆಂಬ ಕಾರಣಕ್ಕೆ ಅವರ ಕೊನೆಯ ದೃಶ್ಯವನ್ನು ಎರಡನೆಯ ಸೀಸನ್ನಿನ ಹೊತ್ತಿಗೇ ಚಿತ್ರೀಕರಿಸಿ ಬೀಗ ಹಾಕಿ ಇಡಲಾಯಿತು. ಕತೆ ಮಾತ್ರ ಆ ಬೀಗದ ಗೊಡವೆಯಿಲ್ಲದೆ ಬೆಳೆಯಿತು. ಕೊನೆಯ ಸೀಸನ್ ಪೂರ್ತಿ ಒಂದು ಮದುವೆಯ ಸುತ್ತ ತಿರುಗಿತು, ಮಕ್ಕಳ ತಾಯಿಯ ಪಾತ್ರ ಜನರಿಗೆ ಅಚ್ಚುಮೆಚ್ಚಾಯಿತು. ಆದರೆ 2014ರ ಮಾರ್ಚ್ 31ರಂದು, ಹಳೆಯ ದೃಶ್ಯಕ್ಕೆ ದಾರಿ ಮಾಡಿಕೊಡಲೆಂದು, ಒಂದೇ ಗಂಟೆಯೊಳಗೆ ಆ ಮದುವೆ ಮುರಿದು ಬಿತ್ತು, ತಾಯಿಯೂ ತೀರಿಕೊಂಡಳು, ಮಕ್ಕಳು ತಂದೆಯನ್ನು ಹಳೆಯ ಗೆಳತಿಯ ಮನೆಗೆ ಕಳುಹಿಸಿಕೊಟ್ಟರು. ಹೆಣೆಯುತ್ತ ಹೋದ ಬುಟ್ಟಿಯನ್ನು ಮೊದಲೇ ಮಾಡಿಟ್ಟ ಮುಚ್ಚಳಕ್ಕೆ ಹೊಂದಿಸಲು ಅಮುಕಿದಂತಾಯಿತು. ಡಿವಿಡಿಯಲ್ಲಿ ತಾಯಿ ಬದುಕುಳಿಯುವ ಇನ್ನೊಂದು ಅಂತ್ಯವನ್ನು ಸೇರಿಸಬೇಕಾಗಿ ಬಂದದ್ದೇ ತಯಾರಕರ ಇಕ್ಕಟ್ಟನ್ನು ಹೇಳುತ್ತದೆ.

ನಿರಾಸೆಯೇ ಕಾಲಾಂತರದಲ್ಲಿ ಮೆಚ್ಚುಗೆಯಾದದ್ದೂ ಉಂಟು. ಎಚ್‌ಬಿಒದ ‘ದಿ ಸೊಪ್ರಾನೋಸ್’ 2007ರ ಜೂನ್ 10ರಂದು ನ್ಯೂ ಜೆರ್ಸಿಯ ಸಣ್ಣ ಉಪಾಹಾರ ಗೃಹವೊಂದರಲ್ಲಿ ಮುಗಿಯುತ್ತದೆ. ಮಾಫಿಯಾ ನಾಯಕ ಟೋನಿ ಹೆಂಡತಿ ಮಗನೊಂದಿಗೆ ಕರಿದ ಈರುಳ್ಳಿ ಬಳೆಗಳನ್ನು ತಿನ್ನುತ್ತಿದ್ದಾನೆ, ಹೊರಗೆ ಮಗಳು ಕಾರನ್ನು ಸಂದಿಯಲ್ಲಿ ನಿಲ್ಲಿಸಲು ಹೆಣಗುತ್ತಿದ್ದಾಳೆ, ಬಾಗಿಲು ತೆರೆದಾಗಲೆಲ್ಲ ಅದರ ಗಂಟೆ ಕೇಳುತ್ತಿದೆ. ಕೊನೆಯ ಸಲ ಗಂಟೆ ಕೇಳಿ ಟೋನಿ ತಲೆಯೆತ್ತುತ್ತಲೇ ಪರದೆ ಕಪ್ಪಾಗುತ್ತದೆ, ಸದ್ದೂ ನಿಲ್ಲುತ್ತದೆ. ಕೇಬಲ್ ಹೋಯಿತೆಂದು ಬೈದುಕೊಂಡವರು ಎಷ್ಟೋ ಮಂದಿ. ಆ ಕೆಲವು ಸೆಕೆಂಡುಗಳ ಕತ್ತಲೆಯನ್ನು ಇಂದು ಬರವಣಿಗೆಯ ತರಗತಿಗಳಲ್ಲಿ ಪಾಠವಾಗಿ ಚರ್ಚಿಸುತ್ತಾರೆ. ನಿರ್ವಹಣದಲ್ಲಿ ಅದ್ಭುತ ರಸವಿರಬೇಕೆಂದ ಭರತನು ಇದನ್ನು ಒಪ್ಪುತ್ತಿದ್ದನೋ ಏನೋ.

‘ಗೇಮ್ ಆಫ್ ಥ್ರೋನ್ಸ್’ಗೆ ಇನ್ನೂ ಅಂಥ ಮರುಮೌಲ್ಯಮಾಪನದ ಭಾಗ್ಯ ಬಂದಿಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆ ಐದನೆಯ ಸಂಪುಟಕ್ಕೆ ನಿಂತುಹೋಗಿ, ಧಾರಾವಾಹಿ ಮೂಲವನ್ನು ದಾಟಿ ಮುಂದೆ ನಡೆಯಬೇಕಾಯಿತು. ಎಂಟನೆಯ ಸೀಸನ್ ಆರೇ ಕಂತುಗಳಲ್ಲಿ ಓಡಿ ಮುಗಿಯಿತು. ಅದರ ನಾಯಕಿಯ ಬಿರುದಾದ ಖಲೀಸಿ ಎಂಬ ಹೆಸರನ್ನು ಅಮೆರಿಕದಲ್ಲಿ ನೂರಾರು ಹೆಣ್ಣುಮಕ್ಕಳಿಗೆ ಇಟ್ಟಿದ್ದರು. 2019ರ ಮೇನಲ್ಲಿ ಕೊನೆಯ ಕಂತಿನ ಹಿಂದಿನ ಕಂತಿನಲ್ಲಿ ಆಕೆ ಶರಣಾದ ನಗರವೊಂದನ್ನು ಜನರ ಸಮೇತ ಸುಟ್ಟಳು. ಸೀಸನ್ನನ್ನೇ ಹೊಸದಾಗಿ ತಯಾರಿಸಬೇಕೆಂಬ ಮನವಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅದೇ ವರ್ಷ ಅದಕ್ಕೆ 32 ಎಮ್ಮಿ ನಾಮನಿರ್ದೇಶನಗಳೂ ಅತ್ಯುತ್ತಮ ನಾಟಕೀಯ ಧಾರಾವಾಹಿಯ ಪ್ರಶಸ್ತಿಯೂ ಬಂದವು, ಮತ್ತು ಅದರ ಪೂರ್ವಕತೆಯಾದ ‘ಹೌಸ್ ಆಫ್ ದಿ ಡ್ರ್ಯಾಗನ್’ 2022ರಲ್ಲಿ ಆರಂಭವಾದಾಗ ಮೊದಲ ರಾತ್ರಿಯೇ ಸುಮಾರು ಒಂದು ಕೋಟಿ ಅಮೆರಿಕನ್ನರು ನೋಡಿದರು. ಅಂತ್ಯದಿಂದ ಮುನಿದವರು ಮತ್ತೆ ಬರುವುದಿಲ್ಲ ಎಂಬ ಮಾತು ಲೆಕ್ಕಪುಸ್ತಕದಲ್ಲಿ ನಿಲ್ಲುವುದಿಲ್ಲ.

ಉದ್ಯಮವು ಇದನ್ನು ಅರಿತ ಮೇಲೆ ಮುಕ್ತಾಯವೂ ತಿದ್ದಬಹುದಾದ ಕರಡಾಯಿತು. ಕೊಲೆಗಾರ ನಾಯಕನನ್ನು ಮರ ಕಡಿಯುವವನನ್ನಾಗಿ ಮಾಡಿ 2013ರಲ್ಲಿ ನಗೆಪಾಟಲಾದ ‘ಡೆಕ್ಸ್‌ಟರ್’, 2021ರಲ್ಲಿ ಮರಳಿ ಬಂದು ಅವನನ್ನು ಮಗನ ಗುಂಡಿಗೆ ಬಲಿಕೊಟ್ಟು, 2025ರಲ್ಲಿ ಆ ಸಾವನ್ನೂ ಹಿಂತೆಗೆದುಕೊಂಡಿತು. ‘ಸೈನ್‌ಫೆಲ್ಡ್’ನ ಅಂತ್ಯವನ್ನು ಬರೆದಿದ್ದ ಲ್ಯಾರಿ ಡೇವಿಡ್ ತಾನೇ ನಾಯಕನಾಗಿದ್ದ ‘ಕರ್ಬ್ ಯುವರ್ ಎಂಥೂಸಿಯಾಸಂ’ ಅನ್ನು 2024ರ ಏಪ್ರಿಲ್ 7ರಂದು ಮುಗಿಸುವಾಗ, 26 ವರ್ಷಗಳ ಹಿಂದಿನ ಆ ವಿಚಾರಣೆಯನ್ನೇ ಮತ್ತೆ ನಡೆಸಿದರು: ಅದೇ ಬಗೆಯ ಸಾಕ್ಷಿಗಳ ಸಾಲು, ಅದೇ ಬಗೆಯ ತೀರ್ಪು, ಅದೇ ಬಗೆಯ ಕೋಣೆ. ಈ ಸಲ ಜೆರ್ರಿ ಸೈನ್‌ಫೆಲ್ಡ್ ಬಂದು ವಿಚಾರಣೆ ರದ್ದಾಯಿತೆಂದು ತಿಳಿಸುತ್ತಾರೆ, ಅಂದು ಆ ಕತೆಯನ್ನೂ ಹೀಗೆಯೇ ಮುಗಿಸಬೇಕಿತ್ತೆಂಬ ಮಾತು ಇಬ್ಬರ ನಡುವೆ ಬರುತ್ತದೆ, ಇಬ್ಬರೂ ಸೆರೆಯ ಬಾಗಿಲು ದಾಟಿ ಹೊರನಡೆಯುತ್ತಾರೆ. ಅದರ ಕೊನೆಯ ದೃಶ್ಯದಲ್ಲಿ ಗೆಳೆಯರೆಲ್ಲ ವಿಮಾನದಲ್ಲಿ ಕೂತು ಕಿಟಕಿಯ ಪರದೆಯ ವಿಷಯಕ್ಕೆ ಜಗಳವಾಡುತ್ತಿರುತ್ತಾರೆ.