ಎಂಟು ಫೋಟಾನ್‌ಗೆ ಒಂದು ಇಂಗಾಲ

1948ರಲ್ಲಿ ಜರ್ಮನಿಯ ಜೀವರಸಾಯನ ವಿಜ್ಞಾನಿ ಓಟ್ಟೊ ವಾರ್ಬರ್ಗ್ ಅಮೆರಿಕದ ಅರ್ಬಾನಾ ಪಟ್ಟಣಕ್ಕೆ ಬಂದಿಳಿದರು. ಆ ಹೊತ್ತಿಗಾಗಲೇ ಅವರು ನೊಬೆಲ್ ಪಡೆದಿದ್ದರು; ಸೋಲೊಪ್ಪುವ ಜಾಯಮಾನ ಅವರದ್ದಲ್ಲ. ಅಲ್ಲಿನ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ರಾಬರ್ಟ್ ಎಮರ್ಸನ್ ಒಂದು ಕಾಲಕ್ಕೆ ಬರ್ಲಿನ್‌ನಲ್ಲಿ ಅವರದೇ ಶಿಷ್ಯ. ಗುರುಶಿಷ್ಯರ ನಡುವಿನ ತಕರಾರು ಇಷ್ಟೇ: ಪಾಚಿಯ ಕೋಶ ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಆಹಾರವಾಗಿಸಲು ಎಷ್ಟು ಫೋಟಾನ್ ಖರ್ಚು ಮಾಡುತ್ತದೆ? ನಾಲ್ಕು ಸಾಕು ಎಂದರು ವಾರ್ಬರ್ಗ್. ಎಂಟಕ್ಕೆ ಕಡಿಮೆ ಸಾಧ್ಯವೇ ಇಲ್ಲ ಎಂದರು ಎಮರ್ಸನ್. ಒಂದೇ ಸೂರಿನಡಿ ಪ್ರಯೋಗ ನಡೆಸಿಯೂ ರಾಜಿಯಾಗಲಿಲ್ಲ. 1959ರಲ್ಲಿ ಎಮರ್ಸನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊನೆಗೆ ಉಳಿದದ್ದು ಅವರ ಲೆಕ್ಕವೇ.

ಪ್ರಯೋಗಾಲಯದ ಈ ಜಗಳ ಸರೋವರಗಳನ್ನು ಅಳೆಯುವವರಿಗೆ ಒಂದು ಅಳತೆಗೋಲು ಕೊಟ್ಟಿತು. ಎಂಟಕ್ಕೆ ಒಂದು, ಅಂದರೆ 0.125; ಬೆಳಕನ್ನು ಬಳಸುವ ದಕ್ಷತೆಯ ಗರಿಷ್ಠ ಮಿತಿ ಇದು. ಒಂದು ಮೋಲ್ ಇಂಗಾಲ 12 ಗ್ರಾಂ ತೂಗುವುದರಿಂದ, ಪಾಚಿ ಒಂದು ಮೋಲ್ ಫೋಟಾನ್ ಹೀರಿದರೆ ಹೆಚ್ಚೆಂದರೆ ಒಂದೂವರೆ ಗ್ರಾಂ ಇಂಗಾಲ ಕಟ್ಟಬಲ್ಲದು. ಹೀರಿದ ಬೆಳಕೆಷ್ಟೆಂದು ಗೊತ್ತಾದರೆ ಬೆಳೆಯ ಮೇಲ್ಮಿತಿ ಸಿಕ್ಕಂತೆ.

ಅಲ್ಲಿಯವರೆಗೆ ನೀರಿನಲ್ಲಿ ಪಾಚಿಯ ಉತ್ಪಾದನೆ ಅಳೆಯುವುದು ಹೆಚ್ಚಾಗಿ ಬಾಟಲಿಯ ಕೆಲಸ. ನಾರ್ವೆಯ ಗಾರ್ಡರ್ ಮತ್ತು ಗ್ರಾನ್ ಓಸ್ಲೊ ಫಿಯೋರ್ಡ್‌ನಲ್ಲಿ ಬಳಸಿ 1927ರಲ್ಲಿ ಪ್ರಕಟಿಸಿದ ವಿಧಾನ ಅದು. ಒಂದೇ ಆಳದ ನೀರನ್ನು ಎರಡು ಗಾಜಿನ ಬಾಟಲಿಗೆ ತುಂಬಿ, ಒಂದಕ್ಕೆ ಬೆಳಕು ತಾಗದಂತೆ ಕಪ್ಪು ಹೊದಿಕೆ ಹಾಕಿ, ಎರಡನ್ನೂ ಹಗ್ಗ ಕಟ್ಟಿ ಅದೇ ಆಳಕ್ಕೆ ಇಳಿಬಿಡುವುದು. ಬೆಳಕಿನ ಬಾಟಲಿಯಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಉಸಿರಾಡುತ್ತದೆ. ಕತ್ತಲಿನದರಲ್ಲಿ ಉಸಿರಾಟ ಮಾತ್ರ. ಮೇಲೆತ್ತಿದ ಮೇಲೆ ಮ್ಯಾಂಗನೀಸಿನ ಲವಣವನ್ನೂ ಕ್ಷಾರ ಬೆರೆತ ಅಯೊಡೈಡನ್ನೂ ಸುರಿದರೆ ಕಂದು ಗಷ್ಟು ಕೂರುತ್ತದೆ. ಆಮ್ಲ ಹಾಕಿದೊಡನೆ ಅದು ಕರಗಿ ನೀರು ಹಳದಿಯಾಗುತ್ತದೆ. ಗಂಜಿಯ ದ್ರಾವಣ ಬೆರೆಸಿದರೆ ಕಡುನೀಲಿ. ಥಯೊಸಲ್ಫೇಟನ್ನು ತೊಟ್ಟುತೊಟ್ಟಾಗಿ ಬಿಡುತ್ತಾ ಹೋದಂತೆ, ಒಂದೇ ಒಂದು ಹನಿಗೆ ಆ ನೀಲಿ ಮಾಯ. ಅಲ್ಲಿಯವರೆಗೆ ಬಿದ್ದ ಹನಿಗಳ ಲೆಕ್ಕವೇ ಆಮ್ಲಜನಕದ ಲೆಕ್ಕ, ಎರಡು ಬಾಟಲಿಗಳ ವ್ಯತ್ಯಾಸವೇ ಒಟ್ಟು ಉತ್ಪಾದನೆ.

1952ರಲ್ಲಿ ಡೆನ್ಮಾರ್ಕಿನ ಸ್ಟೀಮನ್ ನೀಲ್ಸನ್ ಆಮ್ಲಜನಕ ಬಿಟ್ಟು ವಿಕಿರಣಶೀಲ ಇಂಗಾಲ-14 ಹಿಡಿದರು. ಸೂಕ್ಷ್ಮತೆ ಹೆಚ್ಚಿತು. ಆದರೂ ಬಾಟಲಿ ಹೇಳುವುದು ಆ ಜಾಗದ, ಆ ಹೊತ್ತಿನ ಸುದ್ದಿಯನ್ನಷ್ಟೇ. ಮರುದಿನ ಮೋಡ ಕವಿದರೆ ಮತ್ತೆ ದೋಣಿ ಹತ್ತಬೇಕು.

ಈ ತೊಡಕಿನಿಂದ ಬಿಡಿಸಿಕೊಳ್ಳುವ ದಾರಿ 1957ರಲ್ಲಿ ಎರಡು ಕಡೆ ತೆರೆಯಿತು. ಅಮೆರಿಕದ ರೈಥರ್ ಮತ್ತು ಯೆಂಟ್ಷ್ ಕ್ಲೋರೋಫಿಲ್ ಮತ್ತು ಬೆಳಕಿನ ಅಂಕಿಗಳಿಂದಲೇ ಕಡಲಿನ ಉತ್ಪಾದನೆ ಅಂದಾಜಿಸಿದರು. ಇಂಗ್ಲೆಂಡಿನ ಜಾಕ್ ಟಾಲಿಂಗ್ ಸಿಹಿನೀರಿನ ಡಯಾಟಮ್ ಎಂಬ ಪಾಚಿಗಳನ್ನು ಹಿಡಿದು, ಬೆಳಕು ಏರಿದಂತೆ ದ್ಯುತಿಸಂಶ್ಲೇಷಣೆ ಎಲ್ಲಿ ಏರುವುದನ್ನು ನಿಲ್ಲಿಸುತ್ತದೆಂದು ನೋಡಿ, ಇಡೀ ನೀರಿನ ಕಂಬದ ಉತ್ಪಾದನೆಯನ್ನು ಒಂದು ಸೂತ್ರಕ್ಕೆ ತಂದರು. ಪಾಚಿ ದಟ್ಟವಾದಷ್ಟೂ ತನ್ನ ನೆರಳಿನಲ್ಲೇ ತಾನು ಸೊರಗುತ್ತದೆ ಎಂಬುದೂ ಆ ಲೆಕ್ಕದೊಳಗೆ ಬಂತು. ಅದರ ಕೊನೆಯ ಮಜಲನ್ನು ಅವರು ಮತ್ತು ಸಂಗಡಿಗರು ಇಥಿಯೋಪಿಯಾದ ಸೋಡಾ ಸರೋವರಗಳಾದ ಅರಂಗ್ವಾಡಿ, ಕಿಲೋಟೆಸ್‌ಗಳಲ್ಲಿ ಕಂಡು 1973ರಲ್ಲಿ ಬರೆದರು. ಅಲ್ಲಿ ಪಾಚಿ ಎಷ್ಟು ಒತ್ತಾಗಿತ್ತೆಂದರೆ ಬೆಳಕು ಒಂದು ಮೀಟರ್ ಆಳಕ್ಕೂ ದಾಟುತ್ತಿರಲಿಲ್ಲ.

ಎಲ್ಲ ಸರೋವರದಲ್ಲೂ ಬೆಳಕು ಹೀಗೆ ಪಾಚಿಗೇ ಮೀಸಲಲ್ಲ. ನೀರು, ಕೊಳೆತ ಎಲೆಯಿಂದ ಇಳಿದ ಕಂದು ರಸ, ಕೆಸರು, ಪಾಚಿ ಎಲ್ಲವೂ ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂತಿರುತ್ತವೆ. ನೀರಿಗೆ ಕೆಂಪು ಬೆಳಕು ಇಷ್ಟ, ಕಂದು ರಸಕ್ಕೆ ನೀಲಿ. 1921ರಲ್ಲಿ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ಸಿ.ವಿ. ರಾಮನ್, ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ವಾದಿಸಿದ್ದು ನಮ್ಮವರಿಗೆ ಗೊತ್ತಿರುವ ಕತೆ. ಜೌಗಿನ ನೀರು ಸೇರುವ ಸರೋವರದಲ್ಲಿ ಆ ನೀಲಿ ಉಳಿಯುವುದೇ ಇಲ್ಲ. ಸಾಲದ್ದಕ್ಕೆ, ಕೋಶದೊಳಗೆ ಒತ್ತೊತ್ತಾಗಿ ತುಂಬಿದ ಬಣ್ಣ ಅಷ್ಟೇ ಬಣ್ಣದ ಬಿಡಿ ದ್ರಾವಣಕ್ಕಿಂತ ಕಡಿಮೆ ಬೆಳಕು ಹೀರುತ್ತದೆಂದು ಡಚ್ ವಿಜ್ಞಾನಿ ಡಾಯ್ಸನ್ಸ್ 1956ರಲ್ಲೇ ತೋರಿಸಿದ್ದರು. ಈ ಹಂಚಿಕೆಯ ಲೆಕ್ಕವನ್ನೆಲ್ಲ ಒಂದೆಡೆ ಕಟ್ಟಿಕೊಟ್ಟದ್ದು ಆಸ್ಟ್ರೇಲಿಯಾದ ಜಾನ್ ಕರ್ಕ್ 1983ರಲ್ಲಿ ತಂದ ಪುಸ್ತಕ.

ಈ ಲೆಕ್ಕ ಕದಡಿದ ನೀರಿಗೂ ಒಗ್ಗುತ್ತದೆಯೇ? ಎಸ್ಟೋನಿಯಾದ ವರ್ಟ್ಸ್‌ಯಾರ್ವ್ ಸರೋವರದ ವಿಸ್ತಾರ ಸುಮಾರು 270 ಚದರ ಕಿಲೋಮೀಟರ್. ಸರಾಸರಿ ಆಳ ಮೂರು ಮೀಟರೂ ಇಲ್ಲ. ಗಾಳಿ ಬೀಸಿದರೆ ತಳದ ಕೆಸರೆಲ್ಲ ಮೇಲೆ. ತಿಳಿನೀರಿನ ಸೂತ್ರಗಳಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಹೆಲ್ಗಿ ಆರ್ಸ್ಟ್, ಟೀನಾ ನೋಗೆಸ್ ಮತ್ತು ಜೊತೆಗಾರರು ಇಂಥ ಕದಡಿದ ನೀರಿಗೆಂದೇ 2008ರಲ್ಲಿ ಮಾದರಿ ಪ್ರಕಟಿಸಿದರು. ಮೇಲೆ ಬೀಳುವ ಬೆಳಕು, ಕ್ಲೋರೋಫಿಲ್, ಆಳಕ್ಕೆ ಹೋದಂತೆ ಬೆಳಕು ಕುಂದುವ ದರ, ಇವಿಷ್ಟರಿಂದ ಪಾಚಿ ಹೀರಿದ ಪಾಲು ತಿಳಿಯಬೇಕು. ಅದನ್ನು ಎಮರ್ಸನ್ ಕಾಲದ ಆ ದಕ್ಷತೆಯ ಅಂಕಿಯಿಂದ ಗುಣಿಸಬೇಕು.

ಪೇಚು ಇರುವುದು ಈ ಅಂಕಿಯಲ್ಲೇ. ಅದು ಸರೋವರದಲ್ಲಿ ಎಂದೂ 0.125 ಮುಟ್ಟುವುದಿಲ್ಲ, ಒಂದೇ ಕಡೆ ನಿಲ್ಲುವುದೂ ಇಲ್ಲ. ನಡುಹಗಲಿನ ಮೇಲ್ನೀರಿನಲ್ಲಿ ಪಾಚಿಗೆ ಬೆಳಕು ಅತಿಯಾಗಿ ಬಹುಪಾಲು ಪೋಲಾಗುತ್ತದೆ. ಕೆಳಗಿನ ಮಬ್ಬಿನಲ್ಲಿ ಸಿಕ್ಕ ಸ್ವಲ್ಪವನ್ನೇ ಚೊಕ್ಕಟವಾಗಿ ಬಳಸುತ್ತದೆ. ಉಪಗ್ರಹಗಳು ಈಗ ಕ್ಲೋರೋಫಿಲ್ಲನ್ನು ಮೇಲಿನಿಂದಲೇ ಅಂದಾಜಿಸುತ್ತವೆ. ದಕ್ಷತೆಯನ್ನು ಮಾತ್ರ ನೀರಿನೊಳಗೇ ಅಳೆಯಬೇಕಾದ್ದರಿಂದ, ಮಾದರಿಯನ್ನು ಒರೆಗೆ ಹಚ್ಚಲು ಸಂಶೋಧಕರು ಇಂಗಾಲ-14ರ ಅಳತೆಯನ್ನೇ ನೆಚ್ಚುತ್ತಾರೆ.